ಪ್ಸೀಮಾಣ

ಪ್ಸೀಮಾಣ. ಓದೋಕೆ ಬಂತಾ? ಇನ್ನೊಂದ್ಸಲ ಓದಿ. ಕಾದಂಬರಿ ಬಿಡುಗಡೆಗೆ ಬಂದಿದ್ದ ಮುಖ್ಯ ಅತಿಥಿಗಳೂ ಇನ್ನೊಂದ್ಸಲ ಓದಿದ್ರು, ಮೈಕ್‌ನಲ್ಲಿ.

"ನನ್ನ ತಾಯಿ ಮೇಲೆ ಪ್ಸೀ... ಪ್ಸೀಮಾಣ..." ಅಂತ ನಿಂತರು. ಕನ್ನಡಕ ತೆಗೆದರು. ಐದು ನಿಮಿಷದ ಹಿಂದೆ ಹೊದಿಸಿದ್ದ, ಇನ್ನೂ ಮಡಿಕೆ ಬಿಡದ ಶಾಲಿನ ಅಂಚಲ್ಲಿ ಒರೆಸಿಕೊಂಡು ಮತ್ತೆ ಹಾಕ್ಕೊಂಡರು. ಪುಟ ಹಿಂದಕ್ಕೆ ತಿರುವುತ್ತಾ, ತಿರುವುತ್ತಾ, ಶೀರ್ಷಿಕೆ ಪುಟದ ಬೆನ್ನಿಗೆ ಬಂದು ಬೆರಳಿಟ್ಟರು. ‘ಕರಡು ತಿದ್ದಿದವರು’. ಇಡೀ ಪುಸ್ತಕದಲ್ಲಿ ಒಂದೂ ತಪ್ಪಿಲ್ಲದೆ ಅಚ್ಚಾಗಿರೋದು ನನ್ನ ಹೆಸರೊಂದೇ. ಇನಿಷಿಯಲ್ ಸಮೇತ ಓದಿದರು. "ಇವರು ಬಂದಿದ್ದಾರೇನಪ್ಪಾ?"

ಸಭೆ ನಕ್ತು. ಲೇಖಕರೂ ನಕ್ಕರು. ನಕ್ಕು ಸುಮ್ಮನಾಗಿದ್ದರೆ ಬೇರೆ ಮಾತು, ಮೂರನೇ ಸಾಲಿಗೆ ಕೈ ತೋರಿಸಿದರು. ನಾನು ಎದ್ದು ನಿಂತು ಕೈ ಮುಗಿದೆ. ಯಾಕೆ ಮುಗಿದೆ? ಬೆಳಗ್ಗೆಯಿಂದ ಅದನ್ನೇ ಕೇಳ್ಕೊಳ್ತಿದ್ದೀನಿ. ಯಾರೋ ಚಪ್ಪಾಳೆ ಬೇರೆ ತಟ್ಟಿದರು.

ಸ್ವಾಮಿ, ನಾನು ತಿದ್ದಿದ ಪಿಡಿಎಫ್‌ನಲ್ಲಿ ಅದು ‘ಪ್ರಮಾಣ’ವೇ. ಬೇಕಾದರೆ ಕಳಿಸ್ತೀನಿ. ಗುರುವಾರ ಸಂಜೆ ಕೊನೇ ಕರಡು ಒಪ್ಪಿಗೆಯಾಯ್ತು. ರಾತ್ರಿ ಹನ್ನೊಂದಕ್ಕೆ ಲೇಖಕರು ಪುಟ ಜೋಡಿಸೋ ಡಿಟಿಪಿ ಹುಡುಗನಿಗೆ ಫೋನ್ ಮಾಡಿ, ನಾಯಕಿ ಹೆಸರು ರಮಾ ಬೇಡ ಸೀಮಾ ಅಂತ ಮಾಡು ಅಂದರಂತೆ. ನಾದಿನಿ ಹೆಸರೂ ರಮಾನಂತೆ, ಮನೇಲಿ ರಾಮಾಯಣ ಆಗಿರಬೇಕು. ಆ ಹುಡುಗ ಫೈಂಡ್‌ನಲ್ಲಿ ‘ರಮಾ’, ರಿಪ್ಲೇಸ್‌ನಲ್ಲಿ ‘ಸೀಮಾ’, ರಿಪ್ಲೇಸ್ ಆಲ್. 417 ಕಡೆ ಬದಲಾಯ್ತು. ಫೈಲು ನೇರ ಪ್ರೆಸ್ಸಿಗೆ.

ಯೂನಿಕೋಡ್‌ನಲ್ಲಿ, ಅಂದ್ರೆ ಈಗ ಕಂಪ್ಯೂಟರು ಅಕ್ಷರ ಇಟ್ಕೊಳ್ಳೋ ಕ್ರಮದಲ್ಲಿ, ‘ಪ್ರಮಾಣ’ದ ಒಳಗೆ ‘ರಮಾ’ ಇದೆ. ಕಣ್ಣಿಗೆ ರವೊತ್ತು ಕಾಣುತ್ತೆ, ಆದರೆ ಕಂಪ್ಯೂಟರಿಗೆ ಅದು ಪ, ವಿರಾಮ (‘್’ ಗುರುತು), ರ, ಮ, ದೀರ್ಘ, ಣ. ಹುಡುಕಿದ್ರೆ ಸಿಕ್ಕೇ ಸಿಗುತ್ತೆ. ಹಾಗಾಗಿ ಪರಮಾತ್ಮ ‘ಪಸೀಮಾತ್ಮ’ ಆದ, ಪರಮಾಪ್ತ ಗೆಳೆಯ ‘ಪಸೀಮಾಪ್ತ’ ಆದ, ಹದಿನಾಲ್ಕನೇ ಅಧ್ಯಾಯದ ಜಾತ್ರೇಲಿ ಊರಮಾರಿ ‘ಊಸೀಮಾರಿ’ ಆಗಿ ತೇರು ಹತ್ತಿದ್ದಾಳೆ. ಹಳೇ ಆಸ್ಕಿ ನುಡಿ ಫಾಂಟಲ್ಲಿ ರವೊತ್ತಿಗೆ ಬೇರೆಯೇ ಗುರುತು, ಅಲ್ಲಾಗಿದ್ದರೆ ಪ್ರಮಾಣ ಉಳೀತಿತ್ತು. ಪರಮಾತ್ಮನಿಗೆ ಅಲ್ಲೂ ಗತಿ ಇರಲಿಲ್ಲ, ಆ ಮಾತು ಬೇರೆ.

‘ಪೂರ್ತಿ ಪದ ಮಾತ್ರ’ ಅಂತ ಟಿಕ್ ಮಾಡಬಹುದಿತ್ತಲ್ಲ ಅಂತ ಬರಬೇಡಿ. ಇದು ಇಂಗ್ಲಿಷ್ ಅಲ್ಲ. ರಮಾಳ, ರಮಾಳಿಗೆ, ರಮಾಳನ್ನು, ಯಾವುದೂ ಸಿಗಲ್ಲ. ಮೊದಲು ‘ರಮಾ’ ಹಿಂದೊಂದು ಸ್ಪೇಸ್ ಹಾಕಿ ಹುಡುಕಬೇಕು. ಆಮೇಲೆ ಉದ್ಧರಣ ಚಿಹ್ನೆ ಹಾಕಿ, ಯಾಕಂದ್ರೆ ಮಾತು ಶುರುವಾಗುವ ಕಡೆ ಸ್ಪೇಸ್ ಇರಲ್ಲ. ಪ್ಯಾರಾದ ಮೊದಲ ಪದ ಎರಡಕ್ಕೂ ಸಿಗಲ್ಲ. ಉಳಿದದ್ದನ್ನ ಒಂದೊಂದಾಗಿ ಕಣ್ಣಿಟ್ಟು ನೋಡಬೇಕು, ರಿಪ್ಲೇಸ್ ಆಲ್ ಮುಟ್ಟಕೂಡದು. ಎಲ್ಲ ಮುಗಿದ ಮೇಲೆ ‘್ಸೀಮಾ’ ಅಂತ, ವಿರಾಮದ ಸಮೇತ, ಒಮ್ಮೆ ಹುಡುಕಿದ್ದಿದ್ದರೆ ಹತ್ತು ಸೆಕೆಂಡಲ್ಲಿ ಪ್ಸೀಮಾಣ ಎದ್ದು ಕೂರ್ತಿತ್ತು. ಹತ್ತೇ ಸೆಕೆಂಡು! ಪುಣ್ಯಕ್ಕೆ ‘ಜ್ಯೋತಿ’ ಅಂತ ಮಾಡಲಿಲ್ಲ. ಮಾಡಿದ್ದರೆ ಪುಸ್ತಕದ ತುಂಬ ‘ಜ್ಯೋತಿಳು’, ‘ಜ್ಯೋತಿಳಿಗೆ’ ಓಡಾಡ್ತಿದ್ರು.

ಹೋಗಲಿ ಬಿಡಿ, ಯಾರು ಓದ್ತಾರೆ ಅನ್ನಿಸುತ್ತೆ ಒಂದೊಂದ್ಸಲ. ಅಚ್ಚಾಗಿದ್ದು 500 ಪ್ರತಿ, ಟೇಬಲ್ ಮೇಲೆ ಮಾರಾಟ ಆಗಿದ್ದು 23, ‘ಗೌರವ ಪ್ರತಿ’ ಅಂತ ಹೋಗಿದ್ದು 34. ಉಳಿದದ್ದು ಮಂಚದ ಕೆಳಗೆ. ಆದರೆ ಓದದವರೂ ನಕ್ಕರಲ್ಲ!

ಲೇಖಕರು ಖರ್ಚು ಮಾಡಿದ ರೀತಿ ಕೇಳಿ. ಕರಡು ತಿದ್ದೋಕೆ ಪುಟಕ್ಕೆ 15 ರೂಪಾಯಿ, 208 ಪುಟಕ್ಕೆ 3,120. ಅದರಲ್ಲೂ ಚೌಕಾಸಿ. ಸಭಾಂಗಣ, ಫ್ಲೆಕ್ಸು, ಶಾಲು, ಪೇಟ, ಹಣ್ಣಿನ ಬುಟ್ಟಿ, ಉಪ್ಪಿಟ್ಟು–ಕೇಸರಿಬಾತಿಗೆ 28,000, ಚೌಕಾಸಿ ಇಲ್ಲ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡಿಸ್ತೀನಿ ಅಂತ ಯಾರೋ 2,500 ಇಸ್ಕೊಂಡಿದ್ದಾರೆ. ಭಾರತದಲ್ಲಿ ಅದಕ್ಕೆ ಶುಲ್ಕವೇ ಇಲ್ಲ. ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯ ಪೋರ್ಟಲ್‌ನಲ್ಲಿ ಲೇಖಕರೇ ಅರ್ಜಿ ಹಾಕಬಹುದು ಅಂತ ಎರಡು ಸಲ ಹೇಳಿದ್ದೆ. ಆ ನಂಬರಿನ ಸಾಲೂ ಪುಸ್ತಕದಲ್ಲಿ ‘ಐಎಸ್‌ಬಿಎನ್ ಕ್ಸೀಮಾಂಕ’ ಅಂತ ಬಂದಿದೆ.

ಬೆಲೆ 250. ಅಂಗಡಿಯವರು 40 ಪರ್ಸೆಂಟ್ ಹಿಡ್ಕೊಂಡರೆ ಕೈಗೆ 150. ಮುದ್ರಣಕ್ಕೇ ಪ್ರತಿಗೆ 90 ಬಿದ್ದಿದೆ. ಉಳಿಯೋ 60ರಲ್ಲಿ ಪ್ಯಾಕಿಂಗು, ಸಾಗಾಟ, ಮಾರದೆ ವಾಪಸ್ ಬರೋ ಮುಕ್ಕಾದ ಪ್ರತಿಗಳು. ಮೊದಲ ಅಧ್ಯಾಯ ವಾಟ್ಸಾಪಲ್ಲಿ ಬಿಡಿ, ಮುಂಗಡ ದುಡ್ಡು ಬಂದಷ್ಟಕ್ಕೆ ಐವತ್ತು ಸೇರಿಸಿ ಅಚ್ಚು ಹಾಕಿ, ಓದಿ ನಾಲ್ಕು ಸಾಲು ಬರೆಯೋ ಇಪ್ಪತ್ತು ಜನಕ್ಕೆ ಬಿಡುಗಡೆಗೆ ತಿಂಗಳ ಮುಂಚೆ ಪ್ರತಿ ತಲುಪಿಸಿ ಅಂದಿದ್ದೆ. ಆ ಇಪ್ಪತ್ತರಲ್ಲಿ ಒಬ್ಬರಾದರೂ ಊಸೀಮಾರಿಯನ್ನ ಹಿಡೀತಿದ್ರು, ಬಿಡುಗಡೆಗೆ ಮುಂಚೆ. ಅದಕ್ಕೆ ಲೇಖಕರ ಉತ್ತರ: "ಕಾದಂಬರಿಕಾರ ಗಳಗನಾಥರು ಪುಸ್ತಕ ಹೊತ್ಕೊಂಡು ಊರೂರು ತಿರುಗಿ ಮಾರಿದ್ರು ಸಾರ್, ನಮ್ಮ ಕೈಲಾಗಲ್ವಾ?" ಹೊರಿ. ಹೊತ್ತು ಊಸೀಮಾರಿ ಜಾತ್ರೆಗೇ ಹೋಗಿ.

ಇನ್ನೂ ಇದೆ. 1954ರ ಕಾಯ್ದೆ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಕಳಿಸಬೇಕು. ಈ ಕೆಲಸ ಮಾತ್ರ ಲೇಖಕರು ಶನಿವಾರವೇ ಮುಗಿಸಿದ್ದಾರೆ. ನನ್ನ ಹೆಸರು, ಇನಿಷಿಯಲ್ ಸಮೇತ, ಪ್ಸೀಮಾಣದ ಜೊತೆ ಕೋಲ್ಕತ್ತಕ್ಕೆ ಹೊರಟಾಗಿದೆ.

ಯಾರಾದರೂ ಒಬ್ಬರು ಹೇಳಿ. ಕರಡು ಒಪ್ಪಿದ ಮೇಲೆ ಫೈಲು ಮುಟ್ಟಿದವನದ್ದು ತಪ್ಪೋ, ಮುಟ್ಟಿಸಿದವರದ್ದೋ, ಹೆಸರು ಹಾಕಿಸ್ಕೊಂಡ ನನ್ನದೋ? ಡಿಟಿಪಿಯವರನ್ನ ಕೇಳಿದರೆ "ನೀವು ಕೊನೇ ಪಿಡಿಎಫ್ ನೋಡಬೇಕಿತ್ತು ಸಾರ್" ಅಂತಾರೆ. ಕೊನೇದು ಅಂತ ನೋಡಿದ್ದೆನಲ್ಲಪ್ಪಾ! ಅದಾದ ಮೇಲೂ ಒಂದು ಕೊನೇದು ಇದೆ ಅಂತ ನನಗೆ ಕನಸು ಬೀಳಬೇಕಿತ್ತಾ? ಉಪ್ಪಿಟ್ಟಿನ ಸಾಲಲ್ಲಿ ಒಬ್ಬರು ಹೆಗಲ ಮೇಲೆ ಕೈ ಹಾಕಿ "ಊಟಕ್ಕೆ ಪಸೀಮಾನ್ನ ಇದೆಯಾ?" ಅಂದರು. ನನಗೂ ನಗು ಬಂತು, ಅದೇ ಬೇಜಾರು. ಚೆನ್ನಾಗೇ ಇತ್ತು ಜೋಕು.

ಇನ್ನು ಯಾರದೂ ಕರಡು ಮುಟ್ಟಲ್ಲ ಅಂದ್ಕೊಂಡೇ ಮನೆಗೆ ಬಂದೆ. ಬಂದವನು ಈಗ ರಾತ್ರಿ ಒಂದೂವರೆಗೆ ಒಪ್ಪೋಲೆ ಟೈಪ್ ಮಾಡ್ತಾ ಕೂತಿದ್ದೀನಿ, ಬಿಟ್ಟಿ. ಪುಟ, ಸಾಲು, ತಪ್ಪು, ಒಪ್ಪು. ಒಟ್ಟು 41. ಡೆಮಿ ಅಳತೆಯ ಒಂದು ಹಾಳೆಯ ಒಂದೇ ಮಗ್ಗುಲಿಗೆ ಹಿಡಿಸ್ತಿಲ್ಲ. ಹೇಳಿದ್ದಕ್ಕೆ ಲೇಖಕರ ಮೆಸೇಜು ಬಂದಿದೆ: "ಅಕ್ಷರ ಸಣ್ಣ ಮಾಡಿಬಿಡಿ ಸಾರ್, ಎರಡೂ ಕಡೆ ಅಚ್ಚು ಹಾಕಿಸಿದ್ರೆ ಖರ್ಚು ಜಾಸ್ತಿ."