ಪಿಜ್ಜಾ ತಿಂದವರಿಗೆ ಕೋರ್ಟಿಲ್ಲ

ಅಮೆರಿಕದಲ್ಲಿ ಮಕ್ಕಳ ಕೈಗೆ ಫೋನ್ ಕೊಡುವ ಮುಂಚೆ ವಕೀಲರನ್ನು ಒಂದು ಮಾತು ಕೇಳುವುದು ಒಳ್ಳೆಯದು. ನ್ಯೂಜೆರ್ಸಿಯ ಗಂಡ ಹೆಂಡತಿ ಕೇಳಿರಲಿಲ್ಲ. 2022ರ ಮಾರ್ಚ್‌ನಲ್ಲಿ ಅವರು ಕೂತಿದ್ದ ಊಬರ್ ಕಾರು ಅಪಘಾತಕ್ಕೆ ಸಿಕ್ಕಿತು. ಇಬ್ಬರಿಗೂ ಜೋರು ಪೆಟ್ಟು. ಪರಿಹಾರ ಕೇಳಿ ಕೋರ್ಟಿಗೆ ಹೋದರು. ಊಬರ್ ತಣ್ಣಗೆ ಹೇಳಿತು: ನೀವು ಇಲ್ಲಿಗೆ ಬರೋ ಹಾಗಿಲ್ಲ, ಜನವರಿಯಲ್ಲಿ ನಮ್ಮ ಊಟದ ಆ್ಯಪ್‌ನಲ್ಲಿ ಷರತ್ತಿಗೆ ಒಪ್ಪಿದ್ದೀರಲ್ಲ.

ಒಪ್ಪಿದ್ದು ನಾವಲ್ಲ, ಅಮ್ಮನ ಫೋನಿನಲ್ಲಿ ಊಟ ತರಿಸುತ್ತಿದ್ದ ನಮ್ಮ ಚಿಕ್ಕ ಮಗಳು ಅಂದರು ಅವರು. ಟಿಕ್ ಹಾಕಬೇಕಾದ ಜಾಗದ ಪಕ್ಕದಲ್ಲಿ 'ನನಗೆ 18 ತುಂಬಿದೆ' ಅಂತಲೂ ಬರೆದಿತ್ತು. ಹಸಿದ ಮಗು ಟಿಕ್ ಹಾಕಿತು, ಪಿಜ್ಜಾ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಮೇಲ್ಮನವಿ ಕೋರ್ಟು ಊಬರ್ ಹೇಳಿದ್ದೇ ಸರಿ ಅಂದಿತು. ಕಾರು ಗುದ್ದಿದ್ದಕ್ಕೂ ಪಿಜ್ಜಾಗೂ ಏನು ಸಂಬಂಧ ಅಂತ ಕೇಳಬೇಡಿ. ಷರತ್ತಿನಲ್ಲಿ ಇದೆ, ಮುಗೀತು.

ಇದಕ್ಕೆ ಒತ್ತಾಯದ ಆರ್ಬಿಟ್ರೇಶನ್ ಅನ್ನುತ್ತಾರೆ. ಜಗಳ ಬಂದರೆ ಜಡ್ಜ್ ಇಲ್ಲ, ಜ್ಯೂರಿ ಇಲ್ಲ. ಬಾಗಿಲು ಹಾಕಿಕೊಂಡು ಒಬ್ಬ ಮಧ್ಯಸ್ಥರ ಮುಂದೆ ಪಂಚಾಯ್ತಿ. ಅದು ಯಾವ ಸಂಸ್ಥೆಯಲ್ಲಿ ನಡೆಯಬೇಕು, ಯಾವ ನಿಯಮದಲ್ಲಿ ನಡೆಯಬೇಕು ಎಂದು ಕರಾರಿನಲ್ಲಿ ಬರೆದಿಟ್ಟಿರುವುದೂ ಕಂಪನಿಯೇ. ಆ ಸಂಸ್ಥೆಗೆ ಕಂಪನಿ ಮತ್ತೆ ಮತ್ತೆ ಬರುವ ಗಿರಾಕಿ, ನೀವು ಜನ್ಮಕ್ಕೊಮ್ಮೆ ಬರುವವರು. ಪಕ್ಷಪಾತ ಮಾಡುತ್ತಾರೆ ಅಂತ ನಾನು ಹೇಳುತ್ತಿಲ್ಲ. ಖಾಯಂ ಗಿರಾಕಿ ಬಂದಾಗ ಯಾರ ಮುಖವಾದರೂ ಸ್ವಲ್ಪ ಅರಳುತ್ತೆ, ಅಷ್ಟೇ.

ಊಬರ್ ಒಂದನ್ನೇ ಹೊಗಳಿದರೆ ಡಿಸ್ನಿಗೆ ಬೇಜಾರಾದೀತು. ಫ್ಲೋರಿಡಾದ ಡಿಸ್ನಿ ಜಾಗದಲ್ಲಿರುವ ರೆಸ್ಟೋರೆಂಟ್‌ನಲ್ಲಿ ಊಟ ಮಾಡಿದ ಮಹಿಳೆಯೊಬ್ಬರು 2023ರಲ್ಲಿ ಅಲರ್ಜಿಯಿಂದ ತೀರಿಕೊಂಡರು. ಗಂಡ ದಾವೆ ಹೂಡಿದರು. ಡಿಸ್ನಿ ವಕೀಲರು ಹಳೇ ಕಡತ ಕೆದಕಿ ಏನು ತೆಗೆದರು ಗೊತ್ತಾ? ಆತ 2019ರಲ್ಲಿ ಡಿಸ್ನಿ ಪ್ಲಸ್‌ಗೆ ಉಚಿತ ಟ್ರಯಲ್ ಹಾಕಿಸಿದ್ದರಂತೆ! ಟಿವಿ ನೋಡಲು ಒಪ್ಪಿದ ಮೇಲೆ ಹೆಂಡತಿಯ ಸಾವಿಗೂ ಕೋರ್ಟಿಲ್ಲ. ಊರೆಲ್ಲ ಉಗಿದ ಮೇಲೆ, 2024ರ ಆಗಸ್ಟ್‌ನಲ್ಲಿ, ಡಿಸ್ನಿ ಈ ವಾದ ವಾಪಸ್ ತೆಗೆದುಕೊಂಡಿತು. ಷರತ್ತು ತಪ್ಪು ಅಂತಲ್ಲ, ಸಂದರ್ಭ ಸೂಕ್ಷ್ಮ ಅಂತ.

ಇದಕ್ಕೆಲ್ಲ ಮೂಲ 1925ರ ಒಂದು ಕಾನೂನು. ವ್ಯಾಪಾರಿಗಳು ತಮ್ಮತಮ್ಮಲ್ಲೇ ಜಗಳ ಬಗೆಹರಿಸಿಕೊಳ್ಳಲಿ ಅಂತ ಮಾಡಿದ್ದು. ಹಡಗಿನವರು, ರೈಲ್ವೆಯವರ ಕೆಲಸದ ಕರಾರಿಗೆ ಇದು ಬೇಡ ಎಂದು ಅದರಲ್ಲೇ ಬರೆದಿದೆ. 2001ರಲ್ಲಿ ಸುಪ್ರೀಂ ಕೋರ್ಟು, ಆ ವಿನಾಯಿತಿ ಸಾರಿಗೆಯವರಿಗೆ ಮಾತ್ರ ಅಂದಿತು. ಮಿಕ್ಕ ನೌಕರರೆಲ್ಲ ಬಲೆಯ ಒಳಗೆ. ಕೆಲಸ ಬೇಕಾ, ಸಹಿ ಹಾಕಿ. ಸ್ವಇಚ್ಛೆಯಿಂದ! ಲೈಂಗಿಕ ಕಿರುಕುಳದ ದೂರನ್ನು ಈ ಬಲೆಯಿಂದ ಬಿಡಿಸಲು 2022ರ ತನಕ ಕಾಯಬೇಕಾಯಿತು. ಸಂಬಳದ ದೂರು ಇನ್ನೂ ಒಳಗೇ ಇದೆ.

ಇನ್ನು 30 ಡಾಲರ್ ಕಥೆ. ಫೋನ್ ಉಚಿತ ಅಂತ ಹೇಳಿ 30 ಡಾಲರ್ 22 ಸೆಂಟ್ ತೆರಿಗೆ ವಸೂಲಿ ಮಾಡಿದ್ದಕ್ಕೆ ಗಿರಾಕಿಗಳು ಎಟಿ ಅಂಡ್ ಟಿ ಮೇಲೆ ಒಟ್ಟಾಗಿ ಬಿದ್ದರು. 2011ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಗುಂಪು ಕಟ್ಟಿಕೊಂಡು ಬರಬೇಡಿ ಎಂದು ಕರಾರಿನಲ್ಲಿದ್ದರೆ ಒಬ್ಬೊಬ್ಬರೇ ಬರಬೇಕು. 30 ಡಾಲರ್‌ಗೆ ಒಬ್ಬನೇ ಹೊಡೆದಾಡುವವನಿಗೆ ತಲೆ ಸರಿ ಇರುತ್ತಾ? ಕಂಪನಿಗಳ ಲೆಕ್ಕವೂ ಅದೇ. ಇಷ್ಟಾದರೂ ಅವು ಬಾಯಿ ತುಂಬ ಹೇಳುತ್ತಲೇ ಇದ್ದವು: ಆರ್ಬಿಟ್ರೇಶನ್ ಬೇಗ ಆಗುತ್ತೆ, ಖರ್ಚು ಕಮ್ಮಿ, ಎಲ್ಲರಿಗೂ ಒಳ್ಳೆಯದು.

ಸರಿ ಹಾಗಾದರೆ ಅಂತ ಜನ ಒಬ್ಬೊಬ್ಬರೇ ಬಂದರು. ಒಂದೇ ಸಲಕ್ಕೆ.

ಊಟ ತಲುಪಿಸುವ ಡೋರ್‌ಡ್ಯಾಶ್‌ನ 5,000ಕ್ಕೂ ಹೆಚ್ಚು ಕೆಲಸಗಾರರು ತಲಾ ಒಂದೊಂದು ಅರ್ಜಿ ಹಾಕಿದರು. ಕಂಪನಿ ಪ್ರತಿ ಅರ್ಜಿಗೂ 1,900 ಡಾಲರ್ ಶುಲ್ಕ ಕಟ್ಟಬೇಕಿತ್ತು. ಒಟ್ಟು 90 ಲಕ್ಷ ಡಾಲರ್ ದಾಟಿತು. ಆಗ ಡೋರ್‌ಡ್ಯಾಶ್‌ಗೆ ಜ್ಞಾನೋದಯ: ಶುಲ್ಕ ಕಟ್ಟಲ್ಲ, ಎಲ್ಲರನ್ನೂ ಸೇರಿಸಿ ಗುಂಪಾಗಿಯೇ ಇತ್ಯರ್ಥ ಮಾಡೋಣ! 2020ರ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಡ್ಜ್ ವಿಲಿಯಂ ಅಲ್ಸಪ್, ಈ ಇಬ್ಬಂದಿತನಕ್ಕೆ ತಮ್ಮ ಆಶೀರ್ವಾದ ಇಲ್ಲ ಎಂದು ಹೇಳಿ, ನೀವೇ ಬರೆದ ಕರಾರಿನಂತೆ ನಡೆಯಿರಿ ಅಂದರು. ಕರಾರು ಬರೆದವರಿಂದ ಕರಾರು ಪಾಲಿಸಲು ಕೋರ್ಟಿನ ಆದೇಶ ಬೇಕಾಯಿತು. ಅಮೆಜಾನ್ ಸ್ವಲ್ಪ ಜಾಣ. ಎಕೋ ಸ್ಪೀಕರ್ ವಿಚಾರಕ್ಕೆ 75,000ದಷ್ಟು ಅರ್ಜಿ ಬಂದ ಮೇಲೆ, 2021ರಲ್ಲಿ ಆ ಷರತ್ತನ್ನೇ ಸದ್ದಿಲ್ಲದೆ ಕಿತ್ತುಹಾಕಿತು. ಕೋರ್ಟೇ ಅಗ್ಗ ಅಂತ ಗೊತ್ತಾಯಿತು, ಪಾಪ.

ಕಾರ್ಯಕ್ರಮಗಳ ಟಿಕೆಟ್ ಮಾರುವ ಟಿಕೆಟ್‌ಮಾಸ್ಟರ್ ಬೇರೆ ದಾರಿ ಹಿಡಿಯಿತು. ಅರ್ಜಿಗಳು ರಾಶಿ ಬಿದ್ದಾವು ಎಂದು ಹೊಸದೊಂದು ಆರ್ಬಿಟ್ರೇಶನ್ ಸಂಸ್ಥೆಯನ್ನು, ಹೊಸ ನಿಯಮಗಳನ್ನು ತಂದಿತು. 2024ರ ಅಕ್ಟೋಬರ್‌ನಲ್ಲಿ ಪಶ್ಚಿಮದ ರಾಜ್ಯಗಳನ್ನು ನೋಡಿಕೊಳ್ಳುವ ಒಂಬತ್ತನೇ ಸರ್ಕೀಟ್ ಮೇಲ್ಮನವಿ ಕೋರ್ಟು ಅದನ್ನು ತಳ್ಳಿಹಾಕಿತು. ನಿಯಮಗಳು ಹೆಚ್ಚುಕಮ್ಮಿ ಅರ್ಥವೇ ಆಗದಷ್ಟು ಗೋಜಲು, ಅವನ್ನು ವಿವರಿಸಲು ಕಂಪನಿಯ ವಕೀಲರೇ ತಡವರಿಸಿದರು ಎಂದು ತೀರ್ಪಿನಲ್ಲಿ ಬರೆಯಿತು. ಅದೇ ನಿಯಮಗಳಿಗೆ ಟಿಕೆಟ್ ಕೊಂಡವರು ಒಪ್ಪಿದ್ದಾರೆ ಎಂಬುದು ಆ ವಕೀಲರ ವಾದವಾಗಿತ್ತು.