ಊರ ಇತಿಹಾಸ ಸಂಘ: ಸ್ವಯಂಸೇವಕರ ಕೈಯಲ್ಲೇ ಇದ್ದರೆ ಸಾಕೆ?

ಪರ

ಮೈಸೂರು ಸಂಸ್ಥಾನದ ಶಾಸನತಜ್ಞ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಗ್ರಂಥಮಾಲೆಯ ಒಂಬತ್ತನೇ ಸಂಪುಟವಾಗಿ ಪ್ರಕಟಿಸಿದ್ದು 1905ರಲ್ಲಿ. ಆ ಪುಸ್ತಕ ಹಿಡಿದು ಈಗ ಹುಡುಕಿಕೊಂಡು ಹೊರಟರೆ ಎಷ್ಟೋ ಕಲ್ಲುಗಳು ಹೇಳಿದ ಜಾಗದಲ್ಲಿಲ್ಲ. ಕೆರೆ ಏರಿ ರಸ್ತೆಯಾಗಿದೆ, ಹೊಲ ಲೇಔಟ್ ಆಗಿದೆ. ಪ್ರಾಚೀನ ಸ್ಮಾರಕಗಳ ಬಗೆಗಿನ ರಾಜ್ಯದ 1961ರ ಕಾಯ್ದೆಯಾಗಲಿ ಕೇಂದ್ರದ 1958ರ ಕಾಯ್ದೆಯಾಗಲಿ ಕಾಯುವುದು ಸಂರಕ್ಷಿತವೆಂದು ಘೋಷಿಸಿದ ಸ್ಮಾರಕವನ್ನು. ಬದುವಿನ ಮೇಲೆ ಮಗುಚಿ ಬಿದ್ದ ವೀರಗಲ್ಲು ಆ ಪಟ್ಟಿಯಲ್ಲಿ ಇರುವುದೇ ಅಪರೂಪ. ಜೆಸಿಬಿ ಬಂದ ಬೆಳಗ್ಗೆ ಎದುರು ಹೋಗಿ ನಿಲ್ಲಬಲ್ಲವರು ಅದೇ ಊರಿನವರು. ಅರ್ಜಿಗೆ ಟಪಾಲಿನಲ್ಲಿ ನಂಬರ್ ಬೀಳುವಷ್ಟರಲ್ಲಿ ಕಲ್ಲು ಯಾರದೋ ಮನೆಯ ಪಾಯ ಸೇರಿರುತ್ತದೆ. ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಉಳಿದುಕೊಂಡದ್ದು ಆಸಕ್ತ ನಾಗರಿಕರು ಬೆನ್ನುಬಿದ್ದದ್ದರಿಂದಲೇ.

ಕಲಿತರೆ ಕೆಲಸವೂ ಕೈಗೆಟುಕುವಂಥದ್ದು. ಕಲ್ಲನ್ನು ಬರೀ ನೀರು, ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಆಸಿಡ್, ತಂತಿ ಬ್ರಷ್ಷು ಹತ್ತಿರ ತರಬಾರದು. ಅಕ್ಷರ ಎದ್ದು ಕಾಣಲೆಂದು ಸುಣ್ಣ, ಪೇಂಟು ತುಂಬುವವರಿದ್ದಾರೆ. ಸವೆದ ಗೆರೆಯನ್ನು ತಮಗೆ ತೋಚಿದಂತೆ ತಿದ್ದಿಬಿಡುತ್ತಾರೆ, ಮುಂದಿನವರು ಆ ತಪ್ಪನ್ನೇ ಓದುತ್ತಾರೆ. ಅದಕ್ಕಿಂತ ಸಂಜೆ ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಓರೆಯಾಗಿ ಹಿಡಿದು, ಬೆಳಕಿನ ದಿಕ್ಕು ಬದಲಿಸುತ್ತ ಫೋಟೊ ತೆಗೆದರೆ ಹಗಲಿನಲ್ಲಿ ಕಾಣದ ಕೊಂಬು, ಒತ್ತಕ್ಷರ ಎದ್ದು ಬರುತ್ತವೆ. ಪಡಿಯಚ್ಚಿಗಾದರೆ, ಅಂದರೆ ಕಲ್ಲಿನ ಅಕ್ಷರವನ್ನು ಕಾಗದಕ್ಕೆ ಇಳಿಸಿಕೊಳ್ಳಲು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ನಡುವಿನಿಂದ ಅಂಚಿನ ಕಡೆಗೆ ಬಡಿಯುತ್ತ ಗಾಳಿ ಹೊರಡಿಸಬೇಕು. ಕಾಗದ ಅರೆ ಒಣಗಿದಾಗ ಮಸಿ ಒತ್ತಬೇಕು. ಬೇಗ ಒತ್ತಿದರೆ ಮಸಿ ಹರಡುತ್ತದೆ, ತಡಮಾಡಿದರೆ ಕಾಗದ ಕಲ್ಲು ಬಿಟ್ಟು ಏಳುತ್ತದೆ. ಜೊತೆಗೆ ಅಳತೆ, ಸಾಲುಗಳ ಸಂಖ್ಯೆ, ಕಲ್ಲು ಮುಖಮಾಡಿದ ದಿಕ್ಕು, ಸರ್ವೆ ನಂಬರ್, ಮೊಬೈಲಿನಲ್ಲಿ ಸಿಗುವ ಅಕ್ಷಾಂಶ-ರೇಖಾಂಶ ಬರೆದಿಟ್ಟರೆ ವಿದ್ವಾಂಸರಿಗೆ ಬೇಕಾದದ್ದೆಲ್ಲ ಅಲ್ಲಿದೆ. ಓದುವುದನ್ನು ಅವರಿಗೇ ಬಿಡೋಣ.

ಹೊರಗಿನಿಂದ ಬಂದ ಅಧಿಕಾರಿಗೆ ಜಮೀನಿನವರು ತೋರಿಸದ ಕಲ್ಲನ್ನು ಊರಿನ ಮೇಷ್ಟ್ರಿಗೆ ತಾವಾಗಿಯೇ ಕರೆದು ತೋರಿಸುತ್ತಾರೆ. ಈ ನಂಬಿಕೆಗೆ ಸಂಬಳ ನಿಗದಿ ಮಾಡುವುದು ಹೇಗೆ?

ವಿರೋಧ

ಹುಡುಕುವ ಕೆಲಸದ ಬಗ್ಗೆ ತಕರಾರಿಲ್ಲ. ಕೆಡುವುದು ಆಮೇಲೆ, ಸಿಕ್ಕಿದ್ದನ್ನು ಇಟ್ಟುಕೊಳ್ಳುವಾಗ.

ಸಂಘ ಕಟ್ಟುವುದು ಸುಲಭ: 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಇದ್ದರೆ ಸಾಕು. ನಂತರ ವರ್ಷವರ್ಷವೂ ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಕೆ. ಕಾರ್ಯದರ್ಶಿಗೆ ವರ್ಗವಾದರೆ, ಮಗಳ ಮದುವೆ ಬಂದರೆ ಅಷ್ಟೂ ನಿಂತುಹೋಗುತ್ತದೆ. ಬ್ಯಾಂಕಿನಲ್ಲಿ ಹಳೆಯ ಖಜಾಂಚಿಯ ಸಹಿಯೇ ಮುಂದುವರಿದಿರುತ್ತದೆ, ಬೀರು ಖರೀದಿಗೆ ದುಡ್ಡು ತೆಗೆಯಲೂ ಆಗುವುದಿಲ್ಲ.

ಕೊಠಡಿಯಿಲ್ಲದ ಸಂಘದ ಸಂಗ್ರಹ ಇರುವುದು ಯಾರದೋ ಅಟ್ಟದ ಮೇಲೆ. ತಾಳೆಗರಿ ಕಟ್ಟು, ಕಡತ, ಹಳೆಯ ಫೋಟೊ ಎಲ್ಲ ಒಂದೇ ಟ್ರಂಕಿನಲ್ಲಿ. ಹರಿದ ಹಾಳೆಗೆ ಸೆಲ್ಲೋಟೇಪ್ ಅಂಟಿಸಿರುತ್ತಾರೆ; ಕೆಲ ವರ್ಷಕ್ಕೆ ಅದರ ಅಂಟು ಕಂದು ತಿರುಗಿ ಮಸಿಯೊಳಗೆ ಇಳಿಯುತ್ತದೆ. ಲ್ಯಾಮಿನೇಷನ್ ಇನ್ನೂ ದೊಡ್ಡ ಅನಾಹುತ, ಹಾಳೆಗೆ ಹಾನಿಯಾಗದಂತೆ ಅದನ್ನು ಬಿಡಿಸುವುದು ಬಹಳ ಕಷ್ಟ. ಗೋಡೆಗೆ ತಾಗಿಸಿಟ್ಟ ಕಪಾಟಿಗೆ ಮಳೆಗಾಲದಲ್ಲಿ ಗೆದ್ದಲು ಹತ್ತುವುದು ಹಿಂಬದಿಯಿಂದ, ಬಾಗಿಲು ತೆಗೆದಾಗ ಬರೀ ಬೆನ್ನುಪಟ್ಟಿ ಕೈಗೆ ಬರುತ್ತದೆ. ಸ್ಕ್ಯಾನ್ ಮಾಡಿದ್ದೇವೆ ಎನ್ನುತ್ತಾರೆ: ಒಂದೇ ಹಾರ್ಡ್‌ಡಿಸ್ಕ್, ಕಡತದ ಹೆಸರು ಕ್ಯಾಮೆರಾ ಕೊಟ್ಟ ಅಂಕಿ. ಯಾವ ಊರಿನ ಯಾವ ಕಲ್ಲು ಎಂದು ಗೊತ್ತಿದ್ದವರು ತೀರಿಕೊಂಡರೆ ಮುಗಿಯಿತು. ಮಕ್ಕಳು ಮನೆ ಖಾಲಿ ಮಾಡುವಾಗ ಟ್ರಂಕು ಗುಜರಿಗೆ.

ಕಾನೂನಿನ ತೊಡಕೂ ಇದೆ. 1972ರ ಪುರಾವಸ್ತು ಕಾಯ್ದೆಯಲ್ಲಿ ಶಿಲ್ಪ, ನಾಣ್ಯಗಳಿಗೆ 100 ವರ್ಷ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿಗಳಿಗೆ 75 ವರ್ಷ ದಾಟಿದರೆ ಪುರಾವಸ್ತುವಿನ ಲೆಕ್ಕ. ಇಂಥದ್ದನ್ನು 'ನಮ್ಮ ಸಂಘದ್ದು' ಎಂದು ಕೈಬದಲಿಸುವ ಮೊದಲು ನಿಯಮ ನೋಡಬೇಕು. ವೀರಗಲ್ಲನ್ನು ಕಿತ್ತು ಸಂಘದ ಅಂಗಳದಲ್ಲಿ ಸಿಮೆಂಟು ಹಾಕಿ ನೆಟ್ಟರಂತೂ ಬುಡದ ಸಾಲುಗಳು ಹೂತು, ಕಾಳಗ ನಡೆದ ಜಾಗದ ಸುಳಿವೂ ಅಳಿಯುತ್ತದೆ. ಊರಭಿಮಾನ, ಜಾತಿಯಭಿಮಾನ ಸೇರಿ ಒಂದು ಹೆಸರನ್ನು ತಮ್ಮ ಮೂಲಪುರುಷನದ್ದು ಎಂದು ಓದಿಸಿಬಿಡುವುದೂ ಉಂಟು. ಸ್ನೇಹಿತರೇ ತುಂಬಿದ ಸಮಿತಿಯಲ್ಲಿ ಅಲ್ಲವೆನ್ನುವವರು ಯಾರು?

ಕೆಳದಿಯಲ್ಲಿ ಇತಿಹಾಸ ಸಂಶೋಧಕ ಗುಂಡಾ ಜೋಯಿಸರು ಒಬ್ಬರೇ ಎನ್ನುವಷ್ಟು ಶ್ರಮಪಟ್ಟು ಕೂಡಿಸಿದ ವಸ್ತುಸಂಗ್ರಹಾಲಯ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಸೇರಿತು. ಎಲ್ಲ ಸಂಘಗಳೂ ಮೂಲ ಪ್ರತಿಗಳನ್ನು ಹೀಗೆ ವಿಶ್ವವಿದ್ಯಾಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಒಪ್ಪಿಸಿ, ನಕಲನ್ನು ತಾವು ಇಟ್ಟುಕೊಳ್ಳಲಿ. ಅಲ್ಲಿಯವರೆಗೆ ಅರೆಕಾಲಿಕವಾಗಿಯಾದರೂ ಸಂಬಳಕ್ಕೆ ಒಬ್ಬರು ಬೇಕು. ಅವರ ಮೊದಲ ಕೆಲಸ ದಾಖಲಾತಿ ಪುಸ್ತಕ: ಕ್ರಮಸಂಖ್ಯೆ, ಬಂದ ತಾರೀಖು, ಕೊಟ್ಟವರು, ದಾನವೋ ಎರವಲೋ, ವಸ್ತುವಿನ ಸ್ಥಿತಿ, ಇಟ್ಟ ಜಾಗ. ದಾನಪತ್ರವಿಲ್ಲದ ಕಟ್ಟನ್ನು ಮುಂದೆ ಯಾವ ಸಂಸ್ಥೆಗೂ ಒಪ್ಪಿಸುವುದು ಕಷ್ಟವಾದ್ದರಿಂದ, ಕೊಟ್ಟವರ ಸಹಿಯನ್ನು ಅವರು ಬದುಕಿರುವಾಗಲೇ ಹಾಕಿಸಿಕೊಳ್ಳಬೇಕು.