ಲೋಳೆ ಅಂದರೆ ಸ್ಲೈಮಿ ಅಲ್ಲ

ಹೋದ ಡಿಸೆಂಬರ್‌ನಲ್ಲಿ ಸಕಲೇಶಪುರದ ಹತ್ತಿರದ ನಮ್ಮ ಮನೆಗೆ ಹೋಗಿದ್ದೆವು. ಕಾಫಿ ಕುಯ್ಲಿನ ಕಾಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಅರೇಬಿಕಾ ಕಾಫಿ ಬೀಜ ತೊಟ್ಟಿಯಲ್ಲಿ ತುಂಬಿತ್ತು. ಅಣ್ಣ ಅದರೊಳಗೆ ಕೈ ಹಾಕಿ, ಒಂದು ಮುಷ್ಟಿ ಬೀಜ ಹಿಂಡಿ ನೋಡಿ, "ಇನ್ನೂ ಲೋಳೆ ಇದೆ ಕಣೋ, ಬೆಳಗ್ಗೆ ನೋಡೋಣ" ಅಂದ. ನನ್ನ ಮಗಳು ಹುಟ್ಟಿ ಬೆಳೆದಿದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ. ಲೋಳೆ ಅಂದರೇನು ಅಂತ ಕೇಳಿದಳು. ನಾನು ಸುಮ್ನೆ "ಸ್ಲೈಮಿ" ಅಂದುಬಿಟ್ಟೆ. ತೊಟ್ಟಿಯ ಕಡೆ ಚಾಚಿದ್ದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು.

ತಪ್ಪು ನನ್ನದೇ. ಸ್ಲೈಮಿ ಅನ್ನುವ ಮಾತಿನೊಳಗೆ ಅಸಹ್ಯ ಸೇರಿಕೊಂಡಿದೆ. ಬಸವನಹುಳ ಹರಿದ ಜಾಗ, ಕೆಟ್ಟುಹೋದ ಮಾಂಸ, ನಯವಾಗಿ ಮಾತಾಡಿ ಮೋಸ ಮಾಡುವ ಮನುಷ್ಯ, ಇವಕ್ಕೆಲ್ಲ ಆ ಪದ. ನಮ್ಮ ಲೋಳೆಗೆ ಆ ಹೊರೆ ಇಲ್ಲ. ಲೋಳೆಸರವನ್ನು ಮುಖಕ್ಕೆ ಹಚ್ಚಿಕೊಳ್ಳುತ್ತೇವೆ. ಬೆಂಡೆಕಾಯಿ ಲೋಳೆ ಬಿಟ್ಟರೆ ಒಂಚೂರು ಹುಳಿ ಹಾಕುತ್ತೇವೆ. ಕಾಫಿಯವರಂತೂ ಲೋಳೆ ನೋಡಿಯೇ ಹೊತ್ತು ತಿಳಿಯಬೇಕು. ಅರೇಬಿಕಾ ಬೀಜದ ಲೋಳೆ ಹುದುಗು ಬಂದು ಬೀಜದಿಂದ ಬಿಡಲು ಸಾಮಾನ್ಯವಾಗಿ 24ರಿಂದ 36 ಗಂಟೆ ಬೇಕು. ಚಳಿ ಜಾಸ್ತಿ ಇದ್ದರೆ ಇನ್ನೂ ತಡ. ಹಿಂಡಿದಾಗ ಬೀಜ ಬೆರಳ ಸಂದಿಯಲ್ಲಿ ಜಾರದೆ ತರಿತರಿ ಅನ್ನಬೇಕು. ಆಮೇಲೆ ತೊಳೆಯುವುದು.

ಇಂಗ್ಲಿಷಿನಲ್ಲಿ ಪದಗಳಿಲ್ಲ ಅಂತ ನಾನು ಹೇಳುತ್ತಿಲ್ಲ. ಮೆತ್ತನೆಯದರ ವಿಷಯದಲ್ಲಿ ಆ ಭಾಷೆ ತುಂಬ ಶ್ರೀಮಂತ. ಬಟ್ಟೆಯ ಕೆಲಸದಲ್ಲಿರುವ ನನಗೆ ಅದು ದಿನವೂ ಕಾಣುತ್ತದೆ. ಬ್ರಾಡ್‌ಫರ್ಡ್ ಉಣ್ಣೆಯಿಂದ ಬೆಳೆದ ಊರು. ಅಲ್ಲಿನ ಮ್ಯಾನಿಂಗ್‌ಹ್ಯಾಮ್ ಗಿರಣಿ ರೇಷ್ಮೆಗೂ ವೆಲ್ವೆಟ್ಟಿಗೂ ಹೆಸರಾಗಿತ್ತು. ಬಟ್ಟೆ ಮುಟ್ಟಿದಾಗ ಕೈಗೆ ಹೇಗನ್ನಿಸುತ್ತದೋ ಅದಕ್ಕೆ ಕಸುಬಿನವರು ಹ್ಯಾಂಡಲ್ ಅನ್ನುತ್ತಾರೆ. ಸಿಲ್ಕಿ ಅಂದರೆ ಬೆರಳು ಜಾರಿಹೋಗುತ್ತದೆ. ವೆಲ್ವೆಟಿ ಅಂದರೆ ಬೆರಳು ನಿಲ್ಲುತ್ತದೆ, ಗಿಡ್ಡಗೆ ಒತ್ತಾಗಿ ನಿಂತ ಎಳೆಗಳ ಮೇಲೆ ಕೂರುತ್ತದೆ. ಆ ಎಳೆ ಇನ್ನಷ್ಟು ಉದ್ದವಾದರೆ ಪ್ಲಶ್. ಡೌನಿ ಬಂದಿದ್ದು ಬಾತುಕೋಳಿಯ ಹೊರಗರಿಯ ಅಡಿಯಲ್ಲಿರುವ ಪುಕ್ಕದಿಂದ. ಪೀಚ್ ಹಣ್ಣಿನ ಸಿಪ್ಪೆಗೂ, ಹುಡುಗನ ಚಿಗುರು ಮೀಸೆಗೂ ಅದೇ ಪದ. ಸಪಲ್ ಆದದ್ದು ಬಾಗುತ್ತದೆ, ಮುರಿಯುವುದಿಲ್ಲ. ಒಳ್ಳೆಯ ಚರ್ಮ ಹಾಗಿರಬೇಕು. ಲಿಂಪ್ ಆದದ್ದೂ ಬಾಗುತ್ತದೆ, ಆದರೆ ಅದರಲ್ಲಿ ಕಸುವಿಲ್ಲ. ಸಪಲ್‌ಗೆ ಕನ್ನಡದಲ್ಲಿ ಒಂದೇ ಪದ ನನಗೆ ಸಿಕ್ಕಿಲ್ಲ. ಬಳುಕುವುದು ಅನ್ನಬಹುದು, ಆದರೆ ಚರ್ಮಕ್ಕೆ ಅದು ಹೊಂದುವುದಿಲ್ಲ.

ವೆಲ್ವೆಟ್ ಅನ್ನುವ ಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಅದಕ್ಕೆ ಜೂಲು ಕೂದಲು ಅಂತ ಅರ್ಥ. ನಮ್ಮ ನವಿರು ಕೂಡ ಕೂದಲೇ ಅಲ್ವಾ? ನವಿರೇಳುವುದು ಅಂದರೆ ಮೈಕೂದಲು ನಿಲ್ಲುವುದು. ಇದು ಗೊತ್ತಾದ ದಿನ ತುಂಬ ಖುಷಿಯಾಯಿತು.

ಇಷ್ಟು ಪದಗಳಿದ್ದರೂ ಹೊಸಬರಿಗೆ ಎಡವುವುದು ಸುಲಭ. ನಾನು ಇಂಗ್ಲೆಂಡಿಗೆ ಹೋದ ಮೊದಲ ವರ್ಷ, ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಮನೆಯಲ್ಲಿ ಕೇಕ್ ಮಾಡಿ ತಂದಿದ್ದರು. ಬಾಯಲ್ಲಿಟ್ಟರೆ ಕರಗುತ್ತಿತ್ತು. ನಾನು ಮೆಚ್ಚಿಕೊಂಡು "ಮುಶಿ" ಅಂದೆ. ಅವರ ಮುಖ ಸಣ್ಣದಾಯಿತು. ಬಟಾಣಿ ಬೇಯಿಸಿ ನುರಿದ ಮುಶಿ ಪೀಸ್ ಅನ್ನು ಅಲ್ಲಿನ ಜನ ಪ್ರೀತಿಯಿಂದ ತಿನ್ನುತ್ತಾರೆ, ಹಾಗಾಗಿ ಅದು ಹೊಗಳಿಕೆ ಅಂದುಕೊಂಡಿದ್ದೆ. ಬಟಾಣಿ ಬಿಟ್ಟರೆ ಉಳಿದಿದ್ದಕ್ಕೆ ಅದು ಹೆಚ್ಚುಕಡಿಮೆ ಪಿಚಿಪಿಚಿ ಅಂದ ಹಾಗೆ. ನಾನು ಹೇಳಬೇಕಿದ್ದದ್ದು ಫ್ಲಫಿ, ಒಳಗೆ ಗಾಳಿ ತುಂಬಿ ಹಗುರಾಗಿರುವುದು. ನಮ್ಮ ಒಳ್ಳೆಯ ಇಡ್ಲಿ ಹಾಗಿರುತ್ತದೆ. ಸ್ಪಂಜಿ ಬೇರೆ. ಅದು ಒತ್ತಿದರೆ ಕುಗ್ಗಿ ಮತ್ತೆ ಏಳುತ್ತದೆ. ಕಾರಿನ ಬ್ರೇಕ್ ಸ್ಪಂಜಿ ಅಂದರೆ ಮೆಕ್ಯಾನಿಕ್ ಹತ್ತಿರ ಹೋಗಬೇಕು.

ಮೆತ್ತಗಿರುವುದು ಒಂದೇ ಗುಣ ಅಲ್ಲ. 1963ರಲ್ಲಿ ಅಮೆರಿಕದ ಆಹಾರ ವಿಜ್ಞಾನಿ ಅಲೀನಾ ಸ್ಚೆಸ್ನಿಯಾಕ್ ತಿನಿಸಿನ ಗಟ್ಟಿತನ, ಒತ್ತಿದರೆ ಮತ್ತೆ ಏಳುವ ಗುಣ, ಅಂಟು ಇವನ್ನೆಲ್ಲ ಬೇರೆ ಬೇರೆಯಾಗಿ ವಿಂಗಡಿಸಿದರು. ಅವರ ತಂಡದ ಗಟ್ಟಿತನದ ಅಳತೆಯಲ್ಲಿ 9 ಮೆಟ್ಟಿಲು. ಕ್ರೀಮ್ ಚೀಸ್‌ನಿಂದ ಶುರುವಾಗಿ ಕಲ್ಲುಸಕ್ಕರೆಗೆ ಮುಗಿಯುತ್ತದೆ. ಅಷ್ಟೆಲ್ಲವನ್ನೂ ಸಾಫ್ಟ್ ಅನ್ನುವ ಒಂದು ಪದಕ್ಕೆ ತುರುಕಿದರೆ ಏನು ಉಳಿಯುತ್ತದೆ?

ಆ ಕೆಲಸವನ್ನು ನಾವೇ ಮಾಡುತ್ತಿದ್ದೇವೆ. ಮರುದಿನ ಅವ್ವ ಕಡುಬು ಮಾಡಿದ್ದಳು. ಮಗಳು "ಸಾಫ್ಟ್ ಆಗಿದೆ ಅಜ್ಜಿ" ಅಂದಳು. "ಮೆತ್ತಗಿದ್ದರೆ ಸಾಕಾ ಪುಟ್ಟಿ? ತರಿ ಅರಳಿರಬೇಕು. ನೀರು ಜಾಸ್ತಿಯಾದರೆ ಪಿಚಿಪಿಚಿ, ಕಮ್ಮಿಯಾದರೆ ಕಲ್ಲು" ಅಂದಳು ಅವ್ವ. ಆಗ ನನಗೆ ಹೊಳೆದದ್ದು ಇದು. ಇಂಗ್ಲಿಷ್ ಬಹಳ ಸಲ ವಸ್ತು ಕೈಗೆ ಹೇಗಿದೆ ಅಂತ ಹೇಳುತ್ತದೆ, ಅದಕ್ಕೆ ಇನ್ನೊಂದು ವಸ್ತುವನ್ನು ತಂದು ತೋರಿಸುತ್ತದೆ: ರೇಷ್ಮೆ, ಪುಕ್ಕ, ಸ್ಪಂಜು. ಕನ್ನಡ ಬಹಳ ಸಲ ಅದು ಹೇಗೆ ಹಾಗಾಯಿತು ಅಂತ ಹೇಳುತ್ತದೆ. ನೆನೆದ ಅವಲಕ್ಕಿ, ಕಳಿತ ಬಾಳೆಹಣ್ಣು, ಬಾಡಿದ ಸೊಪ್ಪು, ನಾದಿದ ಹಿಟ್ಟು, ಎಳೆ ಸೌತೆಕಾಯಿ. ಒಂದೊಂದು ಪದದಲ್ಲೂ ನೀರು, ಬೆಂಕಿ, ಬಿಸಿಲು, ವಯಸ್ಸು, ಯಾರದೋ ಕೈ ಇದೆ.

ಬೇಲೂರಿನ ಕಲ್ಲನ್ನೇ ನೋಡಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯ ಕಲ್ಲು ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ಸೂಕ್ಷ್ಮದ ಕೆತ್ತನೆ ಸಾಧ್ಯವಾಯಿತು. ಇಂಗ್ಲಿಷಿನವರು ಮುಟ್ಟಿದರೆ ಸೋಪಿನ ಹಾಗಿದೆ ಅಂತ ಸೋಪ್‌ಸ್ಟೋನ್ ಅಂದರು. ನಾವು ಅದರಿಂದ ಬರೆಯಬಹುದು ಅಂತ ಬಳಪದ ಕಲ್ಲು ಅಂದೆವು.

ಹಲಸಿನ ತೊಳೆ ಗಟ್ಟಿಯಿದ್ದರೆ ಬಕ್ಕೆ, ಕೈಗೇ ಕರಗುವ ಹಾಗಿದ್ದರೆ ಅಂಬಲಿ. ಅರಸೀಕೆರೆಯಲ್ಲಿ ಎಳನೀರು ಕೊಯ್ಯುವವರು "ಗಂಜಿ ಇರೋದು ಕೊಡಲಾ?" ಅಂತ ಕೇಳಿದರೆ, ಕುಡಿಯುವವನಿಗೆ ಅದು ತೆಳುವೋ ದಪ್ಪವೋ ಅನ್ನುವ ಚಿಂತೆ. ಇವನ್ನು ಮಕ್ಕಳಿಗೆ ಹೇಳದೆ ಎಲ್ಲಕ್ಕೂ ಸಾಫ್ಟ್ ಅಂದರೆ ಅವರ ನಾಲಿಗೆ, ಬೆರಳು ಎರಡಕ್ಕೂ ಮೋಸ ಮಾಡಿದ ಹಾಗೆ. ಹೊರಗಿರುವ ನಾವು ಮಾತ್ರ ಅಲ್ಲ, ಹಾಸನದ ಹೋಟೆಲಿನಲ್ಲೂ ನಾನು ಕೇಳಿದ್ದು "ಸಾಫ್ಟ್ ಇಡ್ಲಿ"ಯೇ. ಇಂಗ್ಲಿಷನ್ನು ಚೆನ್ನಾಗಿ ಕಲಿಯೋಣ. ಪ್ಲಶ್‌ಗೂ ವೆಲ್ವೆಟ್ಟಿಗೂ ಇರುವ ವ್ಯತ್ಯಾಸ ಗೊತ್ತಿರಲಿ. ಆದರೆ ಅಷ್ಟು ಪದಗಳಲ್ಲಿ ಅತಿ ಸಪ್ಪೆಯಾದ ಒಂದನ್ನು ಮಾತ್ರ ತಂದು, ಅದಕ್ಕೆ ಬದಲಾಗಿ ನಮ್ಮ ಇಪ್ಪತ್ತು ಪದ ಬಿಟ್ಟುಕೊಡುವುದು ನನಗೆ ನೋವಿನ ವಿಷಯ.

ಕಡುಬು ತಿಂದು ಮಗಳನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋದೆ. ಈ ಸಲ ಸ್ಲೈಮಿ ಅನ್ನಲಿಲ್ಲ. "ಲೋಳೆ ಇದೆಯಾ, ತರಿತರಿ ಆಗಿದೆಯಾ, ನೀನೇ ನೋಡಿ ದೊಡ್ಡಪ್ಪನಿಗೆ ಹೇಳು" ಅಂದೆ. ಅಂಗಿಯ ತೋಳು ಮಡಚಿ ಮೊಣಕೈವರೆಗೂ ಕೈ ಇಳಿಸಿದಳು. ಹಿಂಡಿದಳು. ಇನ್ನೊಂದು ಮೂಲೆಯಲ್ಲೂ ಹಿಂಡಿದಳು.

"ಇಲ್ಲಿ ತರಿತರಿ ಇದೆ ದೊಡ್ಡಪ್ಪಾ. ಆ ಮೂಲೇಲಿ ಇನ್ನೂ ಲೋಳೆ."

ಅಣ್ಣ ಅಲ್ಲೂ ಕೈ ಹಾಕಿ ನೋಡಿ, ನೀರಿನ ಪೈಪನ್ನು ಪಕ್ಕಕ್ಕಿಟ್ಟ. "ಹೌದು, ಇನ್ನೊಂದು ಎರಡು ಗಂಟೆ ಬಿಡಬೇಕು."